ಪಾದ್ರಿಯ ಕಿವಿಗೆ ಸಿಕ್ಕದ ಊರು

ಇಶ್ಬೆಲ್ ಬೀಟನ್‌ಗೆ ಆ ಊರಹೆಸರಿನ ಸಹವಾಸ ಸಾಕಾಗಿಹೋಗಿತ್ತು. ಸ್ಕಾಟ್ಲೆಂಡಿನ ಇನ್ವರ್ನೆಸ್ ಪಟ್ಟಣದ ದಾಖಲೆ ಕೋಣೆಯಲ್ಲಿ ಕೂತು, ಇನ್ನೂರು ವರ್ಷ ಹಳೆಯ ಕೈಬರಹವನ್ನು ಪರದೆಯ ಮೇಲೆ ಹಿಗ್ಗಿಸಿ ಕುಗ್ಗಿಸಿ ನೋಡಿ ಕಣ್ಣು ಉರಿಯುತ್ತಿತ್ತು. ಬಲಭುಜ ಹಿಡಿದುಕೊಂಡಿತ್ತು. ಬೇರೆಯವರ ವಂಶಾವಳಿ ಹುಡುಕಿಕೊಡುವ ಈ ಕೆಲಸಕ್ಕೆ ಬಂದಾಗ ಅವಳ ಕೂದಲು ಕೆಂಪಗಿತ್ತು. ಈಗ ಅದು ಯಾವ ಬಣ್ಣವೆಂದು ಅವಳೇ ಗಮನಿಸುವುದನ್ನು ಬಿಟ್ಟಿದ್ದಳು.

ಕೆಲಸ ಕೊಟ್ಟವನು ಬ್ರೋರಾ ಊರಿನ ಹೆಕ್ಟರ್ ಮರ್ರೆ. ರೈಲ್ವೆಯಲ್ಲಿ ಸಿಗ್ನಲ್ ನೋಡಿಕೊಂಡಿದ್ದು ನಿವೃತ್ತನಾದವನು, ಎಂಬತ್ತರ ಹತ್ತಿರದವನು. ಗ್ಲೆನ್ ಅರ್ಡಾಲ್ ಎಂಬ ಕಣಿವೆಯಲ್ಲಿ ಇನ್ನೂರು ವರ್ಷದ ಹಿಂದೆ ಜಮೀನುದಾರರು ಕುರಿ ಸಾಕಲೆಂದು ಒಕ್ಕಲೆಬ್ಬಿಸಿದ ಜನರ ನೆನಪಿಗೆ ಪ್ರತಿ ಆಗಸ್ಟಿನಲ್ಲಿ ಒಂದು ಸಭೆ ಸೇರುತ್ತದೆ. ಮನೆ ಕಳೆದುಕೊಂಡವರ ಹೆಸರುಗಳನ್ನು ಅವರ ವಂಶದವರೇ ಗಟ್ಟಿಯಾಗಿ ಓದುವುದು ಅಲ್ಲಿನ ಪದ್ಧತಿ. ಆ ಹೆಸರುಗಳನ್ನು ಓದುವವನು ಬಹುಕಾಲದಿಂದ ಹೆಕ್ಟರನೇ. ಆದರೆ ತನ್ನವರ ಮನೆ ಆ ಕಣಿವೆಯಲ್ಲಿ ನಿಜವಾಗಿ ಎಲ್ಲಿತ್ತೆಂದು ಅವನಿಗೆ ಗೊತ್ತಿರಲಿಲ್ಲ.

"ಒಂದ್ಸಲ ಆ ನೆಲದ ಮೇಲೆ ನಿಂತ್ಕೋಬೇಕು ಕಣಮ್ಮ," ಎಂದಿದ್ದ. "ಆಮೇಲೆ ನನ್ನನ್ನ ಎಲ್ಲಿ ಬೇಕಾದ್ರೂ ಹೂತುಬಿಡ್ಲಿ."

ಅವನ ಮುತ್ತಜ್ಜ ವಿಲಿಯಂ ಮತ್ತು ವಿಲಿಯಂನ ಇಬ್ಬರು ಅಕ್ಕಂದಿರ ಜ್ಞಾನಸ್ನಾನವನ್ನು ಚರ್ಚಿನ ಪುಸ್ತಕದಲ್ಲಿ ಅವಳು ಬೇಗನೆ ಹುಡುಕಿದ್ದಳು. ಮೂವರಿಗೂ ತಂದೆ ವಾಲ್ಟರ್ ಮರ್ರೆ. ಊರು ಮಾತ್ರ ಮೂರು ಕಡೆ ಮೂರು ಥರ: ಒಂದರಲ್ಲಿ ಕಾಲ್ಟಮ್, ಇನ್ನೊಂದರಲ್ಲಿ ಕಾಲ್ಡೆಮ್, ಮತ್ತೊಂದರಲ್ಲಿ ಮಸಿ ಹರಡಿ ಕೋಲ್ಹೆಮ್ ಎಂಬಂಥದ್ದೇನೋ. ಯಾವ ನಕಾಶೆಯಲ್ಲೂ ಅಂಥ ಊರಿಲ್ಲ. ಆ ಸೀಮೆಯ ಹಳೆಯ ಗೇಲಿಕ್ ನುಡಿಯ ಹೆಸರುಗಳನ್ನು ಬರೆಯುವವರು ಕಿವಿಗೆ ಬಿದ್ದಂತೆ ಗೀಚುವುದು ಅವಳಿಗೆ ಹೊಸದಲ್ಲ. ಎಷ್ಟು ಹೊಲಗಳು, ಎಷ್ಟು ತೋಪುಗಳು ಹಾಗೆ ಮುಖ ಕಳೆದುಕೊಂಡದ್ದನ್ನು ಅವಳು ಕಂಡಿದ್ದಳು. "ಕೂಲ್ ಅನ್ ಟೋಯ್ಮ್" ಇದ್ದಿರಬಹುದೆಂದು ಊಹಿಸಿದಳು. 'ದಿಬ್ಬದ ಹಿಂದೆ' ಎಂದರ್ಥ. ಹೆಕ್ಟರನಿಗೆ ಹಾಗೆಂದು ಫೋನಿನಲ್ಲಿ ಹೇಳಿಯೂಬಿಟ್ಟಿದ್ದಳು.

"ದಿಬ್ಬದ ಹಿಂದೆ!" ಅವನು ಹಿಗ್ಗಿಹೋಗಿದ್ದ. "ನಮ್ಮಜ್ಜಿ ಯಾವಾಗ್ಲೂ ದಿಬ್ಬ ದಿಬ್ಬ ಅಂತಿದ್ಲು, ಗೊತ್ತಾ?"

ಆ ದಿಬ್ಬವೇ ಅವಳಿಗೆ ಸಿಗಲಿಲ್ಲ. ಕಣಿವೆಯಲ್ಲಿ ದಿಬ್ಬಗಳಿಗೆ ಬರವಿರಲಿಲ್ಲ, ಹಿಂದೆ ಮನೆಯೊಂದಿದ್ದ ದಿಬ್ಬಕ್ಕೆ ಮಾತ್ರ ಬರ. ಅಂದು ಮಧ್ಯಾಹ್ನ, ಹೊರಗೆ ಬಿಟ್ಟುಬಂದ, ಆರಿಹೋಗಿರುವ ಚಹಾ ನೆನೆದು ಬೇಸರಪಡುತ್ತ, ಆ ಜ್ಞಾನಸ್ನಾನಗಳನ್ನು ದಾಖಲಿಸಿದ್ದ ಪಾದ್ರಿ ಬರೆದ ಬೇರೆ ಪುಟಗಳನ್ನು ಸುಮ್ಮನೆ ತಿರುವಿದಳು. ಒಂದು ಪುಟ, ಎರಡು ಪುಟ. ಇದ್ದಕ್ಕಿದ್ದಂತೆ ಬೆನ್ನು ನೆಟ್ಟಗಾಯಿತು.

ಗೇಲಿಕ್ ಹೆಸರುಗಳೆಲ್ಲ ಆ ಮನುಷ್ಯನ ಕೈಯಲ್ಲಿ ಸೊಗಸಾಗಿದ್ದವು. ಜೊಂಡುಹೊಲ, ಹಳದಿಗುಡ್ಡ, ಮೇಲಣ ಹಟ್ಟಿ ಎಂಬರ್ಥದ ಹೆಸರುಗಳು, ಒಂದರಲ್ಲೂ ಅಕ್ಷರ ತಪ್ಪಿರಲಿಲ್ಲ. ಪಾದ್ರಿಯ ಮನೆಮಾತೇ ಗೇಲಿಕ್. ಸೊಟ್ಟಗಿದ್ದುದು ಇದೊಂದೇ ಹೆಸರು. ಅಂದರೆ ಅದು ಗೇಲಿಕ್ ಹೆಸರಾಗಿರಲಿಲ್ಲ. ಅವನ ಕಿವಿಗೆ ಸಿಕ್ಕದ, ಬೇರೆ ಸೀಮೆಯ ಮಾತಾಗಿತ್ತು.

ಅವಳು ಮೂರನ್ನೂ ತುಟಿಯಲ್ಲೇ ಹೇಳಿಕೊಂಡಳು, ದಕ್ಷಿಣದವರು ಎಳೆಯುವ ಹಾಗೆ ಎಳೆದು. ಕಾಲ್ಡ್‌ಹೇಮ್. ದಕ್ಷಿಣದ ಸ್ಕಾಟರ ಮಾತಿನಲ್ಲಿ 'ತಣ್ಣನೆ ಮನೆ'.

ಜನರನ್ನು ಓಡಿಸಿದ ಮೇಲೆ ಕುರಿಗಳ ಜೊತೆ ಕಣಿವೆಗೆ ಬಂದವರು ಇಂಗ್ಲೆಂಡಿನ ಗಡಿಯ ಕಡೆಯ ಕುರಿಗಾಹಿಗಳು. ವಾಲ್ಟರ್ ಎಂಬ ಹೆಸರೂ ಆ ಕಡೆಯದೇ. ಮರ್ರೆ ಎಂಬ ಮನೆತನ ಉತ್ತರ ದಕ್ಷಿಣ ಎರಡೂ ಕಡೆ ಇದ್ದುದರಿಂದ ಯಾರೂ ಅನುಮಾನಪಟ್ಟಿರಲಿಲ್ಲ. ಸಂಜೆಯೊಳಗೆ ಆ ಗಡಿಯ ಕಡೆಯ ಸೆಲ್ಕರ್ಕ್ ಸೀಮೆಯ ಚರ್ಚೊಂದರ ಪುಸ್ತಕದಲ್ಲಿ ವಾಲ್ಟರನ ಮದುವೆಯೂ ಸಿಕ್ಕಿತು. ಹೆಂಡತಿಯ ಹೆಸರು ಜ್ಞಾನಸ್ನಾನದ ಪುಸ್ತಕದಲ್ಲಿದ್ದುದೇ, ಅವನ ಕಸುಬು ಕುರಿ ಕಾಯುವುದು.

ಇಶ್ಬೆಲ್ ಪರದೆ ಆರಿಸಿ ಕಣ್ಣು ಮುಚ್ಚಿಕೊಂಡಳು. ಅವಳ ಬಳಿ ಬಂದವರೆಲ್ಲ ಒಕ್ಕಲೆಬ್ಬಿಸಿಕೊಂಡವರ ಮೊಮ್ಮಕ್ಕಳಾಗಬೇಕೆಂದೇ ಬರುತ್ತಿದ್ದರು. ಅವರ ಜಾಗಕ್ಕೆ ಬಂದು ಕೂತವರಿಗೆ ಮಾತ್ರ ಸಂತಾನವೇ ಇರಲಿಲ್ಲವೇನೋ.

ಫೋನಿನಲ್ಲಿ ಹೇಳುವ ಮಾತಲ್ಲ ಇದು. ಶನಿವಾರ ರೈಲು ಹತ್ತಿ ಬ್ರೋರಾಕ್ಕೆ ಹೋದಳು. ಹೆಕ್ಟರನ ಮಗಳು ರೋನಾ ಬಾಗಿಲು ತೆರೆದು, ಅವಳ ಮುಖ ನೋಡಿದವಳೇ, "ಮೊದ್ಲು ಸೂಪ್ ಕುಡೀರಿ, ಆಮೇಲೆ ಹೇಳಿ," ಎಂದಳು.

ಹೇಳಿದ್ದನ್ನು ಹೆಕ್ಟರ್ ಕೈಯಲ್ಲಿ ಚಮಚ ಹಿಡಿದೇ ಕೇಳಿದ. ಮುಗಿದ ಮೇಲೂ ಚಮಚ ಕೆಳಗಿಳಿಯಲಿಲ್ಲ.

"ಹೋದ ತಿಂಗಳು ದಿಬ್ಬದ ಹಿಂದೆ ಅಂದ್ಯಲ್ಲ."

"ಅಂದಿದ್ದೆ. ಆತುರಪಟ್ಟೆ. ತಪ್ಪು ನಂದೇ."

"ಹಾಗಾದ್ರೆ ಇದೂ ತಪ್ಪಿರಬಹುದು."

"ಮದುವೆ ದಾಖಲೆ ಇದೆ, ಹೆಕ್ಟರ್ ಅವರೇ."

"ದಾಖಲೆ! ಜಮೀನುದಾರರು ಬೆಂಕಿ ಇಟ್ಟ ಮನೆಗಳ ಹೆಸರನ್ನ ನಾನು ವರ್ಷ ವರ್ಷ ಗಂಟಲು ಕಿತ್ತುಕೊಂಡು ಓದಿದ್ದೀನಿ. ಓದುವಾಗ ಅತ್ತಿದ್ದೀನಿ. ಈಗ ಬಂದು, ಅತ್ತಿದ್ದು ಪಕ್ಕದ ಮನೆ ಹೆಣಕ್ಕೆ ಅಂತಿದ್ದೀಯ!"

"ಅಪ್ಪಾ," ಎಂದಳು ರೋನಾ, "ಪಕ್ಕದ ಮನೆ ಹೆಣಕ್ಕೂ ಅಳಬಹುದು."

"ನೀನು ಸುಮ್ನಿರು." ಅವನು ಇಶ್ಬೆಲಳತ್ತ ಬಾಗಿದ. ದನಿ ತಗ್ಗಿತು. "ನೋಡಮ್ಮ. ದಿಬ್ಬದ ಹಿಂದೆ ಅಂತಲೇ ಬರೆದುಕೊಟ್ಟುಬಿಡು. ನಾನಿನ್ನು ಎಷ್ಟು ದಿನ ಇರ್ತೀನಿ? ಯಾರು ಕೇಳ್ತಾರೆ?"

ಬರೆಯುವುದು ಸುಲಭವಿತ್ತು. ಅವಳ ಊಹೆಯನ್ನು ಆ ಸೀಮೆಯಲ್ಲಿ ಯಾರೂ ಪ್ರಶ್ನಿಸುತ್ತಿರಲಿಲ್ಲ. ಬರೆದುಕೊಟ್ಟು, ಆರೂವರೆ ರೈಲಿಗೆ ಹೋಗಿ ಕಾಲು ಚಾಚಿ ಮಲಗಬಹುದಿತ್ತು. ಒಂದು ಕ್ಷಣ ಅವಳಿಗೆ ಅದೇ ಬೇಕೆನ್ನಿಸಿತು.

"ಬೇರೆ ಯಾರ ಹತ್ರಾನಾದ್ರೂ ಬರೆಸ್ಕೊಳ್ಳಿ," ಎಂದಳು ಕೊನೆಗೆ. "ಸುಳ್ಳು ಬರೆಯೋಕೆ ನನ್ನಲ್ಲಿ ತ್ರಾಣ ಇಲ್ಲ. ಒಂದು ಬರೆದ್ರೆ ಅದಕ್ಕೆ ಹೊಂದೋ ಹಾಗೆ ಇನ್ನಷ್ಟು ಬರೀಬೇಕು. ನಿಜ ಆದ್ರೆ ಅಷ್ಟು ಕೆಲಸ ಇರಲ್ಲ."

ಹೆಕ್ಟರ್ ಎದ್ದು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಸೂಪ್ ಅಲ್ಲೇ ಉಳಿಯಿತು.

ಜುಲೈ ಕಳೆಯುವವರೆಗೆ ಅವನ ಸುದ್ದಿಯಿರಲಿಲ್ಲ. ಇಶ್ಬೆಲ್ ಬೇರೆ ಯಾರದೋ ಅಜ್ಜಂದಿರ ಬೆನ್ನು ಹತ್ತಿದ್ದಳು. ಒಂದು ಬೆಳಗ್ಗೆ ರೋನಾಳ ಫೋನು ಬಂತು: "ಅಪ್ಪ ಆ ಜಾಗ ನೋಡೋಕೆ ಹೋಗೋಣ ಅಂತಿದ್ದಾರೆ. ನೀವೂ ಬರಬೇಕಂತೆ. ಯಾಕೆ ಅಂದ್ರೆ, ಬಯ್ಯೋಕೆ ಒಬ್ಬರು ಬೇಕಂತೆ."

ಕಾರು ಹೋಗುವಷ್ಟು ಹೋಗಿ ನಿಂತಿತು. ಮುಂದೆ ಜವುಗು. ಕೆಳಗೆ ಹೊಳೆಯ ಪಕ್ಕ ಒಕ್ಕಲೆಬ್ಬಿಸಿದವರ ಊರು, ಅಂದರೆ ಹುಲ್ಲಿನಲ್ಲಿ ಅಡಿಪಾಯದ ಗುರುತುಗಳಷ್ಟೆ. ಜಮೀನುದಾರರ ಕುರಿಲೆಕ್ಕದ ಪುಸ್ತಕದಲ್ಲಿ ಇಶ್ಬೆಲ್ ಹುಡುಕಿ ತೆಗೆದ ಗುರುತಿನ ಪ್ರಕಾರ ಕಾಲ್ಡ್‌ಹೇಮ್ ಮೇಲಿತ್ತು, ಗಾಳಿಗೆ ಎದೆಯೊಡ್ಡಿದ ಇಳಿಜಾರಿನಲ್ಲಿ. ಹೆಕ್ಟರ್ ರೋನಾಳ ತೋಳು ಹಿಡಿದು, ಹತ್ತು ಹೆಜ್ಜೆಗೊಮ್ಮೆ ನಿಂತು ಬಯ್ಯುತ್ತ ಹತ್ತಿದ. ಮೊದಲು ಗಾಳಿಯನ್ನು ಬಯ್ದ, ಆಮೇಲೆ ಸೊಳ್ಳೆಗಿಂತ ಸಣ್ಣ ಕಚ್ಚುವ ಹುಳಗಳನ್ನು. ಇಶ್ಬೆಲಳ ಸರದಿ ಬರುವಷ್ಟರಲ್ಲಿ ಉಸಿರು ಸಾಲಲಿಲ್ಲ.

ಮೇಲೆ ಒಂದು ಬಿದ್ದ ಗುಡಿಸಲು, ಒಂದು ದುಂಡನೆಯ ಕುರಿದೊಡ್ಡಿ. ದೊಡ್ಡಿಯ ಗೋಡೆ ಮಾತ್ರ ನೆಟ್ಟಗಿತ್ತು.

"ಇದಾ?" ಎಂದ ಹೆಕ್ಟರ್. "ಇಷ್ಟಕ್ಕೇನಾ ಬಂದಿದ್ದು ಅಷ್ಟು ದೂರದಿಂದ? ಹೆಸರಿಟ್ಟೋನು ಸುಳ್ಳು ಹೇಳ್ಲಿಲ್ಲ ಬಿಡು."

ದಣಿವಾರಿಸಿಕೊಳ್ಳಲು ಗೋಡೆಗೆ ಒರಗಿದವನು ಸ್ವಲ್ಪ ಹೊತ್ತಿನ ಮೇಲೆ ತಿರುಗಿ ನೋಡಿದ. ಬೂದುಗಲ್ಲುಗಳ ನಡುವೆ ಅಲ್ಲೊಂದು ಇಲ್ಲೊಂದು ಕರಿಕಲ್ಲು. ಬೆರಳಿನಿಂದ ಉಜ್ಜಿದ. ಕಲ್ಲಿನ ಬಣ್ಣವಲ್ಲ ಅದು, ಮಸಿ. ಎಷ್ಟು ಮಳೆ ಬಿದ್ದರೂ ಸಂದಿಯೊಳಗೆ ಉಳಿದುಕೊಂಡ ಮಸಿ.

"ಇಶ್ಬೆಲ್, ಇಲ್ಲಿ ಬಾ. ಇದೇನು?"

ಅವಳು ನೋಡಿದಳು. ಗೊತ್ತಾಯಿತು. ಹೇಳಲು ಮನಸ್ಸಾಗಲಿಲ್ಲ.

"ಒಲೆ ಕಲ್ಲು," ಎಂದ ಅವನೇ. "ಕೆಳಗಿನ ಮನೆಗಳದ್ದು. ಹೊತ್ತು ತಂದು ಕುರಿಗೆ ಗೋಡೆ ಕಟ್ಟಿದ್ದಾನೆ. ನಮ್ಮ ವಾಲ್ಟರ್."

'ನಮ್ಮ' ಎಂದದ್ದು ಅವನಿಗೇ ಕೇಳಿಸಿರಬೇಕು. ಅಲ್ಲೇ ಒದ್ದೆ ಹುಲ್ಲಿನ ಮೇಲೆ ಕೂತುಬಿಟ್ಟ. ರೋನಾ ಫ್ಲಾಸ್ಕಿನಿಂದ ಚಹಾ ಬಗ್ಗಿಸಿ, ಓಟ್ಸ್ ರೊಟ್ಟಿಗೆ ಚೀಸ್ ಇಟ್ಟು ಕೊಟ್ಟಳು. ಮೂವರೂ ಅಲ್ಲೇ ಕೂತು ತಿಂದರು. ಇಳಿಯುವಾಗ ಅವನು ಯಾರನ್ನೂ ಬಯ್ಯಲಿಲ್ಲ. ಅದು ರೋನಾಳಿಗೆ ಇನ್ನಷ್ಟು ಕಳವಳ ತಂದಿತು.

ಆಗಸ್ಟಿನ ಸಭೆಗೆ ಇಶ್ಬೆಲ್ ಹೋಗುವವಳಿರಲಿಲ್ಲ. ಆದರೆ ಮನಸ್ಸು ತಡೆಯದೆ ಹೋದಳು. ಒಕ್ಕಲೆದ್ದವರ ನೆನಪಿಗೆ ಪೇರಿಸಿದ ಕಲ್ಲುಗುಡ್ಡೆಯ ಸುತ್ತ ಅರವತ್ತು ಎಪ್ಪತ್ತು ಜನ ಕೊರಳಪಟ್ಟಿ ಎತ್ತಿಕೊಂಡು ನಿಂತಿದ್ದರು. ಸಭೆ ನಡೆಸುವ ಜೆಸಕ್ ಮಥೀಸನ್ ಎಂದಿನಂತೆ ಹೆಕ್ಟರನ ಕೈಗೆ ಹಾಳೆ ಕೊಟ್ಟಳು. ಅವನು ಕನ್ನಡಕ ಹಾಕಿದ, ತೆಗೆದ.

"ಓದೋ ಮುಂಚೆ ಒಂದು ಮಾತು," ಎಂದ. "ನಮ್ಮವರನ್ನ ಇಲ್ಲಿಂದ ಯಾರೂ ಓಡಿಸಿರಲಿಲ್ಲ. ಅವರು ಬಂದಿದ್ದು ಕುರಿ ಜೊತೆ. ಮೇಲಿನ ದೊಡ್ಡಿಯಲ್ಲಿ ನಿಮ್ಮ ಮನೆಗಳ ಒಲೆ ಕಲ್ಲಿದೆ, ಹೋಗಿ ನೋಡಿ. ನಂಗೆ ಗೊತ್ತಿರಲಿಲ್ಲ. ಈಗ ಗೊತ್ತಾಗಿದೆ. ಈ ಹಾಳೆ ಬೇರೆ ಯಾರಿಗಾದ್ರೂ ಕೊಡೋದಾದ್ರೆ ಕೊಡಿ."

ಹಿಂದಿನ ಸಾಲಿನಿಂದ ಒಬ್ಬ ಎತ್ತರದ ಗಂಡಸು ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೊರಟೇಹೋದ. ಅವನು ಹೆಕ್ಟರನ ಜೊತೆ ವರ್ಷಾನುವರ್ಷ ಮೀನು ಹಿಡಿದವನು. ಹೆಕ್ಟರ್ ಅವನು ಕಾರಿನ ಬಾಗಿಲು ಹಾಕುವವರೆಗೂ ನೋಡಿದ.

ಜೆಸಕ್ ಮೂಗೊರೆಸಿಕೊಂಡಳು. ಅವಳಿಗೆ ಹೆಕ್ಟರನಿಗಿಂತ ಹೆಚ್ಚು ವಯಸ್ಸು. "ನಮ್ಮವರ ಕಲ್ಲಂತೂ ಅಲ್ಲಿರಲೇಬೇಕು," ಎಂದಳು. "ಅದನ್ನ ಆಮೇಲೆ ವಿಚಾರಿಸ್ಕೊಳ್ತೀನಿ. ಈಗ ಓದು ಮಾರಾಯ, ಚಳಿ ತಡೆಯೋಕಾಗ್ತಿಲ್ಲ. ಇಲ್ಲಿ ನಿನ್ನಷ್ಟು ದೊಡ್ಡ ಗಂಟಲು ಇನ್ಯಾರಿಗೂ ಇಲ್ಲ."

ಅವನು ಓದಿದ. ಈ ಸಲ ಅಳಲಿಲ್ಲ, ಏರಿಳಿತವನ್ನೂ ಮಾಡಲಿಲ್ಲ. ಒಂದೊಂದು ಹೆಸರಾದ ಮೇಲೂ ನಿಂತು, ಆ ಮನೆಯವರು ಯಾರಾದರೂ ಬಂದಿದ್ದಾರೆಯೇ ಎಂಬಂತೆ ತಲೆಯೆತ್ತಿ ನೋಡಿದ. ಹಾಗಾಗಿ ಓದು ಮುಗಿಯಲು ತುಂಬ ಹೊತ್ತು ಹಿಡಿಯಿತು. ಇಶ್ಬೆಲ್ ಒಂದು ಕಾಲಿನ ಭಾರ ಇನ್ನೊಂದಕ್ಕೆ ಬದಲಿಸುತ್ತ, ಪ್ರತಿ ಹೆಸರನ್ನೂ ಕೇಳುತ್ತ ನಿಂತಳು.

ಮುಗಿದ ಮೇಲೆ ಕೆಲವರು ಬಂದು ಅವನ ಕೈ ಕುಲುಕಿದರು, ಕೆಲವರು ಕುಲುಕಲಿಲ್ಲ. ಕಾರಿನಲ್ಲಿ ಅವನು ಇಶ್ಬೆಲಳ ಪಕ್ಕ ಹಿಂದಿನ ಸೀಟಿಗೆ ತಲೆಯಾನಿಸಿ, "ರೋನಾ, ಮನೆಗೆ ನಡಿ. ಸುಸ್ತಾಗಿದೆ," ಎಂದ. ರೋನಾ ಕನ್ನಡಿಯಲ್ಲಿ ಇಶ್ಬೆಲಳನ್ನು ನೋಡಿದಳು. ಹೊಳೆ ದಾಟುವಷ್ಟರಲ್ಲಿ ಅವನಿಗೆ ನಿದ್ದೆ ಹತ್ತಿತ್ತು.