ಫೋನ್ ಮಾಡದ ಹನ್ನೆರಡನೆಯವರು

ಅಕ್ಕನ ಹೊಲಿಗೆ ಮೆಷೀನು ನಿಂತಿತು, ಈಗ ಕತ್ತರಿಯ ಸದ್ದು, ದಪ್ಪ ಬಟ್ಟೆ ಇರಬೇಕು, ಪರದೆಗೆಂದು ಯಾರೋ ಕೊಟ್ಟು ಹೋದ ಆ ಹಸಿರು ಬಟ್ಟೆ, ಕಚಕ್ ಎಂದು ಕಚ್ಚಿ, ಮುಂದಕ್ಕೆ ಹೋಗದೆ, ಮತ್ತೆ ಕಚಕ್ — ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಕೂತಿದ್ದ ಅವಳು ಅದನ್ನೇ ಕೇಳುತ್ತಿದ್ದಳು, ಎದುರಿಗಿದ್ದ ಪತ್ರವನ್ನು ಓದಬಾರದೆಂದೇ ಕೇಳುತ್ತಿದ್ದಳು, ಆದರೆ ಕಣ್ಣು ಆಗಲೇ ಮೂರು ಸಲ ಓದಿ ಮುಗಿಸಿತ್ತು. ನಮಸ್ತೆ ಮೇಡಂ, ನಾನು ಒಂದು ರಕ್ತಪರೀಕ್ಷೆ ಲ್ಯಾಬ್‌ನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನು, ನಿಮ್ಮ ‘ಸರತಿ’ ಪ್ರೋಗ್ರಾಮಿನ ಹೊಸ ಆವೃತ್ತಿ ಹಾಕಿದ ಮೇಲೆ ನಾಲ್ಕು ದಿನದಲ್ಲಿ ಹನ್ನೊಂದು ರಿಪೋರ್ಟ್ ಹೋಗಿಲ್ಲ, ಕಾಯುತ್ತಿರುವುದರಲ್ಲೂ ಇಲ್ಲ, ಮುಗಿದದ್ದರಲ್ಲೂ ಇಲ್ಲ, ಕೆಟ್ಟುಹೋದದ್ದರಲ್ಲೂ ಇಲ್ಲ, ಎಲ್ಲಿ ಹುಡುಕಲಿ ತಿಳಿಸಿ — ಕೆಳಗೆ ಫೋನ್ ನಂಬರು. ಬೈಗುಳವಿಲ್ಲ. ಬೈದಿದ್ದರೆ ಚೆನ್ನಾಗಿತ್ತು, ಬೈದವರಿಗೆ ಉತ್ತರ ಕೊಟ್ಟು ಅವಳಿಗೆ ಒಂಬತ್ತು ವರ್ಷದ ಅಭ್ಯಾಸವಿದೆ, ಮರ್ಯಾದೆಯಿಂದ ಕೇಳಿದವರ ಮುಂದೆ ಏನು ಮಾಡಬೇಕೋ ತಿಳಿಯುವುದಿಲ್ಲ. ಯಾವ ಆವೃತ್ತಿ, ಯಾವ ಸರ್ವರು, ಲಾಗ್ ಕಳಿಸಿ ಎಂದು ಬರೆದರೆ ಇವತ್ತಿನ ದಿನ ಕಳೆಯುತ್ತದೆ, ಅವರು ನಾಳೆ ಕಳಿಸುತ್ತಾರೆ, ನಾಡಿದ್ದು ನೋಡೋಣ — ಬೆರಳು ಅದನ್ನೇ ಬರೆಯಲು ಹೊರಟಿತ್ತು, ಬೆರಳಿಗೇನು, ಅದಕ್ಕೆ ಎಲ್ಲಕ್ಕಿಂತ ಮೊದಲು ತಪ್ಪಿಸಿಕೊಳ್ಳುವ ದಾರಿ ಗೊತ್ತು.

ಆದರೆ ಎಲ್ಲಿ ಹೋದವು ಎಂಬುದು ಅವಳಿಗೆ ಗೊತ್ತಿತ್ತು, ಪತ್ರದ ಎರಡನೆಯ ಸಾಲಿಗೇ ಗೊತ್ತಾಗಿತ್ತು. ಕೋಡಿನ ಇನ್ನೂರ ಹದಿನಾಲ್ಕು, ಇನ್ನೂರ ಹದಿನೈದು. ಎರಡು ಸಾಲು. ಸರತಿ ಮಾಡುವುದು ಇಷ್ಟೇ, ತಕ್ಷಣ ಮಾಡಲಾಗದ ಕೆಲಸಗಳನ್ನು — ಸಂದೇಶ ಕಳಿಸುವುದು, ರಿಪೋರ್ಟ್ ತಯಾರಿಸುವುದು — ಒಂದರ ಹಿಂದೊಂದು ನಿಲ್ಲಿಸಿ, ಹಿಂದಿನ ಕೋಣೆಯಲ್ಲಿ ಕೂತಂತಿರುವ ವರ್ಕರ್ ಎಂಬ ಪುಟ್ಟ ಪ್ರೋಗ್ರಾಮಿಗೆ ಒಂದೊಂದಾಗಿ ಕೊಡುವುದು, ನಾಲ್ಕು ಸಾವಿರ ಕಡೆ ಅದು ಓಡುತ್ತಿದೆ, ಯಾರಿಗೂ ಕಾಣುವುದಿಲ್ಲ, ಕಂಡರೆ ಏನೋ ಕೆಟ್ಟಿದೆ ಎಂದೇ ಅರ್ಥ. ಮೊದಲು ವರ್ಕರು ಕೆಲಸವನ್ನು ‘ಕೈಯಲ್ಲಿರುವುದು’ ಎಂಬ ಪಟ್ಟಿಯಲ್ಲಿ ಬರೆದುಕೊಂಡು ಆಮೇಲೆ ‘ಕಾಯುತ್ತಿರುವುದು’ ಎಂಬ ಪಟ್ಟಿಯಿಂದ ಅಳಿಸುತ್ತಿತ್ತು, ನಡುವೆ ಅದು ಸತ್ತರೆ ಕೆಲಸ ಎರಡೂ ಕಡೆ ಉಳಿಯುತ್ತಿತ್ತು, ಎರಡು ಸಲ ಆಗುತ್ತಿತ್ತು, ಆಗಲಿ. ಮೇಷ್ಟ್ರು ಹೇಳಿದ್ದೇ ಅದು, ಸರತಿಯನ್ನು ಬರೆದವರು, ಕಣ್ಣು ಮಂಜಾದ ಮೇಲೆ ಬೀಗದ ಕೈ ಕೊಡುವ ಹಾಗೆ ಪಾಸ್‌ವರ್ಡನ್ನು ಅವಳ ಕೈಗಿಟ್ಟವರು, ನೋಡಮ್ಮ, ಕೆಲಸ ಎರಡು ಸಲ ಆದ್ರೆ ಜನ ನಗ್ತಾರೆ, ಒಂದು ಸಲವೂ ಆಗ್ದೆ ಹೋದ್ರೆ ಜನ ಅಳ್ತಾರೆ, ನಗಿಸು, ಪರವಾಗಿಲ್ಲ.

ಅವಳು ನಗಿಸಿದಳು, ಒಂಬತ್ತು ವರ್ಷ. ಆಮೇಲೆ ಎರಡೆರಡಪ್ಪ ಬಂದ — ಅಕ್ಕ ಇಟ್ಟ ಹೆಸರು — ಅವನ ಅಂಗಡಿಯ ಗಿರಾಕಿಗಳಿಗೆ ಒಂದೇ ಸಂದೇಶ ಎರಡೆರಡು ಸಲ ಹೋಗುತ್ತಿತ್ತಂತೆ, ದಿನ ಬೆಳಗಾದರೆ ಅವನ ದೂರು, ನಿಮಗೆ ಇಷ್ಟೂ ಬರುವುದಿಲ್ಲವೇ, ಬರದಿದ್ದರೆ ಬಿಟ್ಟು ಹೋಗಿ, ಅದರ ಕೆಳಗೆ ಇನ್ನೂ ಇಪ್ಪತ್ತು ಜನ ಹೌದು ಹೌದು ಎಂದು ತಲೆಯಾಡಿಸಿದವರು. ಅವತ್ತು ಗುರುವಾರ, ಮಧ್ಯಾಹ್ನ, ಅಕ್ಕ ಊಟಕ್ಕೆ ಎರಡು ಸಲ ಕರೆದಿದ್ದಳು, ಮೂರನೆಯ ಸಲ ಅವಳ ದನಿ ಏರಿತ್ತು — ಈ ಸಾಲು ಮೇಲೆ, ಆ ಸಾಲು ಕೆಳಗೆ, ಮೊದಲು ಅಳಿಸು, ಆಮೇಲೆ ಬರೆ, ಎರಡಾಗುವ ಮಾತೇ ಇಲ್ಲ, ಪ್ರೋಗ್ರಾಮಿನ ಪರೀಕ್ಷೆಗಳೆಲ್ಲ ಹಸಿರು, ಎಲ್ಲ ಪಾಸು. ನಡುವೆ ಸತ್ತರೆ? ಆ ಪ್ರಶ್ನೆ ಬಂದಿತ್ತು. ಬಂದಿರಲಿಲ್ಲ ಎಂದು ಯಾರ ಮುಂದೆ ಹೇಳಿದರೂ ತನ್ನ ಮುಂದೆ ಹೇಳಿಕೊಳ್ಳಲಾರಳು, ಅದು ಬಂದು ಬಾಗಿಲ ಬಳಿ ನಿಂತಿತ್ತು, ಇವಳು ಬಂದೆ ಅಕ್ಕಾ ಎಂದು ಎದ್ದು ಅದರ ಪಕ್ಕದಲ್ಲೇ ದಾಟಿಕೊಂಡು ಹೋಗಿದ್ದಳು. ಕಣ್ಣೆವೆ ಮುಚ್ಚುವಷ್ಟರ ಸಂದು, ಅದರೊಳಗೆ ಯಾವ ವರ್ಕರು ಹೋಗಿ ಸಾಯುತ್ತದೆ ಎಂದು. ಎರಡೆರಡಪ್ಪ ಸಂಜೆ ಎತ್ತಿದ ಹೆಬ್ಬೆರಳಿನ ಒಂದು ಚಿತ್ರ ಕಳಿಸಿದ್ದ, ಅಷ್ಟೇ, ಅದಕ್ಕೆ ಅವಳಿಗೆ ಸಂತೋಷವೂ ಆಗಿತ್ತು, ಥೂ.

ಅವಳು ಪತ್ರದ ಕೆಳಗಿದ್ದ ನಂಬರಿಗೆ ಫೋನ್ ಮಾಡಿದಳು, ಎರಡನೆಯ ರಿಂಗಿಗೇ ಲ್ಯಾಬಿನವರು ಎತ್ತಿದರು, ನಡುವಯಸ್ಸಿನ ದನಿ, ಹಿಂದೆ ಯಾವುದೋ ಯಂತ್ರದ ಗುಯ್ಯೆನ್ನುವ ಸದ್ದು. ನಿಮ್ಮ ಸರ್ವರು ಆಗಾಗ ಬೀಳುತ್ತದೆಯೇ ಎಂದು ಕೇಳಿದಳು, ಬೀಳುತ್ತದೆ ಮೇಡಂ, ಹಳೇದು, ದಿನಕ್ಕೆ ಹತ್ತಾರು ಸಲ ಉಸಿರುಗಟ್ಟಿ ಬೀಳುತ್ತದೆ, ತಾನೇ ಎದ್ದು ಕೂರುತ್ತದೆ ಎಂದರು, ಅವರ ದನಿಯಲ್ಲಿ ನಾಚಿಕೆ, ತಪ್ಪು ತಮ್ಮದೇ ಏನೋ ಎಂಬ ಹಾಗೆ, ಆ ನಾಚಿಕೆಯನ್ನು ಅಲ್ಲೇ ಬಿಟ್ಟುಬಿಡಬಹುದಿತ್ತು, ಹಳೇ ಸರ್ವರು ಅಲ್ಲವೇ ಸರ್ ಎಂದರೆ ಸಾಕಿತ್ತು, ಅವರು ಒಪ್ಪಿಕೊಂಡುಬಿಡುತ್ತಿದ್ದರು — ಸರ್ವರು ಬಿದ್ದದ್ದು ತಪ್ಪಲ್ಲ ಸರ್, ಬಿದ್ದಾಗ ಹಿಡಿದುಕೊಳ್ಳಬೇಕಾದದ್ದು ನಾನು ಬರೆದದ್ದು, ಅದು ಕೈಬಿಟ್ಟಿದೆ, ತಪ್ಪು ನನ್ನದು ಎಂದಳು. ಅವರು, ಸರಿ ಮೇಡಂ, ಈಗ ಏನ್ ಮಾಡೋಣ ಹೇಳಿ.

ಅವಳು ಮೊದಲು ಹೊಸ ಆವೃತ್ತಿಯನ್ನು ಹಿಂತೆಗೆದಳು, ಬಾವಿಯ ನೀರು ಕೆಟ್ಟಿದ್ದರೆ ಮೊದಲು ಹಗ್ಗ ಬಿಚ್ಚಬೇಕು, ಹಳೆಯದನ್ನು ಹಾಕಿಕೊಳ್ಳಿ ಎಂದು ಲ್ಯಾಬಿನವರಿಗೆ ಹೇಳಿ ಒಂದೊಂದು ಹೆಜ್ಜೆಯೂ ಅವರ ಜೊತೆಗೇ ನಡೆದಳು. ಕಳೆದುಹೋದದ್ದಕ್ಕೆ ಗುರುತಿಲ್ಲ, ಗುರುತು ಇಲ್ಲದಿರುವುದೇ ಗುರುತು — ಪ್ರತಿ ಕೆಲಸಕ್ಕೂ ಸರತಿ ಒಂದು ಅನುಕ್ರಮ ಸಂಖ್ಯೆ ಕೊಡುತ್ತದೆ, ಮುಗಿದವನ್ನೆಲ್ಲ ಸಾಲಾಗಿ ಜೋಡಿಸಿ, ಯಾವ ಸಂಖ್ಯೆ ಇಲ್ಲ, ಎಲ್ಲಿ ಹಲ್ಲು ಬಿದ್ದಿದೆ ನೋಡಿ ಎಂದಳು. ಅವರು ಓದುತ್ತ ಹೋದರು, ಇವಳು ಹಳೆಯ ಕರೆಂಟ್ ಬಿಲ್ಲಿನ ಹಿಂಬದಿಯಲ್ಲಿ ಬರೆಯುತ್ತ ಹೋದಳು, ಒಂದು, ಎರಡು, ಮೂರು, ಪೆನ್ನು ಕೈ ಕೊಟ್ಟಿತು, ಅಕ್ಕನ ಚಾಕ್ ಪೆನ್ಸಿಲು ಸಿಕ್ಕಿತು, ಏಳು, ಎಂಟು, ಒಂಬತ್ತು, ಹತ್ತು, ಹನ್ನೊಂದು, ಅಬ್ಬ ಎನ್ನುವಷ್ಟರಲ್ಲಿ ಅವರು ಇನ್ನೊಂದು ಮೇಡಂ ಎಂದರು. ಹನ್ನೆರಡು. ಹನ್ನೊಂದು ಅಂದಿದ್ದಿರಲ್ಲ ಸರ್. ಹನ್ನೊಂದು ಜನ ಫೋನ್ ಮಾಡಿ ರಿಪೋರ್ಟ್ ಎಲ್ಲಿ ಅಂತ ಕೇಳಿದ್ರು ಮೇಡಂ, ಹಾಗೆ ಲೆಕ್ಕ ಹಿಡಿದದ್ದು — ಈ ಹನ್ನೆರಡನೆಯವರು ಕೇಳಿಲ್ಲ.

ಕೇಳದವರು. ಕೇಳುವವರಿಗೆ ಎಲ್ಲೋ ಒಂದು ಕಡೆ ನೋವಿರುತ್ತದೆ, ಇಲ್ಲ ಭಯವಿರುತ್ತದೆ, ಕೇಳದವರಿಗೆ ಏನಿರುತ್ತದೆ, ಏನೂ ಇಲ್ಲ ಎಂಬ ನಂಬಿಕೆ — ಅಮ್ಮನೂ ಹಾಗೇ, ಏನಿಲ್ಲ ಕಣೇ ಸ್ವಲ್ಪ ಸುಸ್ತು ಎನ್ನುತ್ತಲೇ ಹಾಸಿಗೆ ಹಿಡಿದವಳು, ಅಕ್ಕ ಆ ಮಾತು ಕೇಳಿದರೆ ಇವತ್ತಿಗೂ ಕತ್ತರಿ ಕೆಳಗಿಡುತ್ತಾಳೆ. ಯಾರು ಸರ್ ಅವರು, ನೋಡಿ. ಕೀಲಿಮಣೆಯ ಸದ್ದು, ಬೆರಳು ತಪ್ಪಿದ ಸದ್ದು, ಮತ್ತೆ ಸದ್ದು. ಬಸ್ ಡ್ರೈವರ್ ಮೇಡಂ. ಡಿಪೋದಿಂದ ವರ್ಷಕ್ಕೊಮ್ಮೆ ಎಲ್ಲರನ್ನೂ ಪರೀಕ್ಷೆಗೆ ಕಳಿಸ್ತಾರೆ, ಹಾಗೆ ಬಂದವರು, ಮೊನ್ನೆ. ಅವರ ದನಿ ತಗ್ಗಿತು. ಪೊಟ್ಯಾಷಿಯಂ ಏಳು ಪಾಯಿಂಟ್ ಒಂದು ಇದೆ. ಅದು ಜಾಸ್ತಿಯೇ ಎಂದು ಕೇಳಿದಳು, ಕೇಳುವಾಗಲೇ ಗೊತ್ತಿತ್ತು. ಜಾಸ್ತಿ ಮೇಡಂ, ಇಷ್ಟಿದ್ರೆ ಡಾಕ್ಟರಿಗೆ ತಕ್ಷಣ ಸಂದೇಶ ಹೋಗ್ಬೇಕು, ಆ ಸಂದೇಶವೂ ನಿಮ್ಮ ಸರತಿಯಲ್ಲೇ ಹೋಗೋದು. ಹೃದಯ ಯಾವಾಗ ಬೇಕಾದ್ರೂ ನಿಲ್ಲಬಹುದು. ಒಂದೊಂದು ಸಲ ಸುಳ್ಳು ಅಂಕಿಯೂ ಬರುತ್ತದಂತೆ, ರಕ್ತ ತೆಗೆಯುವಾಗ ಕಣಗಳು ಒಡೆದರೆ, ಅದಕ್ಕೇ ಮತ್ತೆ ತೆಗೆದು ನೋಡಬೇಕಂತೆ — ಸುಳ್ಳಿರಲಿ, ದೇವರೇ ಸುಳ್ಳಿರಲಿ, ಒಡೆದಿರಲಿ ಆ ಕಣಗಳು, ಒಂಬತ್ತು ವರ್ಷ ಒಂದು ಅಂಕಿಯೂ ಸುಳ್ಳಾಗಬಾರದೆಂದು ಕೂತವಳು ಈಗ ಒಂದು ಅಂಕಿ ಸುಳ್ಳಾಗಲಿ ಎಂದು ಮೇಜಿನ ಅಂಚನ್ನು ಹಿಡಿದುಕೊಂಡಳು.

ಡ್ರೈವರ್ ಮೊಬೈಲು ರಿಂಗಾಗುತ್ತಿತ್ತು, ಅವರು ಎತ್ತುತ್ತಿರಲಿಲ್ಲ, ಲ್ಯಾಬಿನವರು ಇನ್ನೊಂದು ಫೋನಿನಿಂದ ಮಾಡುತ್ತಿದ್ದರು, ಈ ಫೋನನ್ನು ಇಟ್ಟುಬಿಡಲೇ ಎಂದು ಕೇಳಿದರು, ಬೇಡ ಸರ್, ಹಾಗೇ ಇರಲಿ ಎಂದಳು, ಏನೂ ಪ್ರಯೋಜನವಿಲ್ಲ ಎಂದು ಗೊತ್ತಿದ್ದೂ. ಗಾಡಿ ಓಡಿಸುವಾಗ ಫೋನ್ ಎತ್ತಬಾರದು, ಒಳ್ಳೆಯ ಡ್ರೈವರು, ಎತ್ತುತ್ತಿಲ್ಲ, ಅಂದರೆ ಓಡಿಸುತ್ತಿದ್ದಾರೆ, ಅಂದರೆ ಹಿಂದೆ ನಲವತ್ತು ಜನ ಕೂತಿದ್ದಾರೆ, ನಿಂತವರು ಬೇರೆ, ಕಂಬಿ ಹಿಡಿದು, ಒಬ್ಬಳು ಮಗುವನ್ನು ಸೊಂಟಕ್ಕೆ ಒತ್ತಿಕೊಂಡು — ಇಲ್ಲ, ಎತ್ತದಿರಲು ಬೇರೆ ಕಾರಣವೂ ಇರಬಹುದು, ಅದನ್ನು ಯೋಚಿಸಬಾರದು. ಅಕ್ಕ ಯಾವಾಗ ಬಂದು ನಿಂತಳೋ, ಕುತ್ತಿಗೆಯಲ್ಲಿ ಅಳತೆಯ ಟೇಪು, ತುಟಿಯಲ್ಲಿ ಎರಡು ಗುಂಡುಸೂಜಿ. ಊರ ಉಸಾಬರಿ ಎಲ್ಲ ನಿನಗೇ ಯಾಕೆ ಎಂದು ವರ್ಷಕ್ಕೆ ನೂರು ಸಲ ಕೇಳುವವಳು ಇವತ್ತು ಅದನ್ನು ಕೇಳಲಿಲ್ಲ, ಬಿಲ್ಲಿನ ಹಿಂಬದಿಯ ಚಾಕಿನ ಅಂಕಿಗಳನ್ನು ನೋಡಿದಳು, ಸೂಜಿಗಳನ್ನು ತೆಗೆದು ರವಿಕೆಯ ಅಂಚಿಗೆ ಸಿಕ್ಕಿಸಿಕೊಂಡಳು, ಏನಾಯ್ತೇ ಎಂದಳು. ಇವಳು ಎರಡೇ ಮಾತಿನಲ್ಲಿ ಹೇಳಿದಳು. ಅಕ್ಕ ಕುರ್ಚಿ ಎಳೆದು ಕೂತಳು. ಡ್ರೈವರ್ ಎತ್ತದಿದ್ರೆ ಕಂಡಕ್ಟರ್ ಇರಲ್ವೇನೇ? ಡಿಪೋಗೆ ಮಾಡೋಕೆ ಹೇಳು, ಯಾವ ಬಸ್ಸಲ್ಲಿ ಯಾರಿದ್ದಾರೆ ಅಂತ ಅವರ ಹತ್ರ ಬರೆದಿಟ್ಟಿರ್ತಾರೆ. ಅಕ್ಕನಿಗೆ ಇದೆಲ್ಲ ಹೇಗೆ ಹೊಳೆಯುತ್ತದೋ, ಸರ್ ಡಿಪೋ, ಡಿಪೋಗೆ ಮಾಡಿ, ಕಂಡಕ್ಟರ್ ನಂಬರ್ ಕೇಳಿ ಎಂದು ಇವಳು ಫೋನಿಗೆ ಹೇಳುವಾಗ ನಾಲಿಗೆ ತಡವರಿಸಿ ಕಂಡಕ್ಟರ್ ಎಂಬುದು ಎರಡು ಸಲ ಬಂತು.

ಈಗ ದೂರದಿಂದ, ಲ್ಯಾಬಿನವರ ಇನ್ನೊಂದು ಫೋನಿನ ಮಾತು ಈ ಫೋನಿನೊಳಗೆ ಸೋರಿ ಬರುತ್ತಿತ್ತು, ಅರ್ಧ ಅರ್ಧ, ಹೌದು ಸಾರ್, ಅವರೇ, ಇಲ್ಲ ಸಾರ್ ಆಮೇಲೆ ಅಲ್ಲ, ಈಗ, ಮುಂದಿನ ಸ್ಟಾಪಲ್ಲೇ — ಕಂಡಕ್ಟರ್ ಸಿಕ್ಕಿದ್ದಾರೆ, ಬಸ್ಸು ಓಡುತ್ತಿದೆ, ಡ್ರೈವರ್ ಚೆನ್ನಾಗೇ ಇದ್ದಾರೆ, ಈಗಷ್ಟೇ ಏನೋ ಹೇಳಿ ನಕ್ಕರಂತೆ. ನಕ್ಕರಂತೆ. ಅವರಿಗೆ ಗಾಬರಿಯಾಗುವ ಹಾಗೆ ಹೇಳಬೇಡಿ ಅನ್ನಿ, ಇವಳು ಫೋನಿಗೆ ಹೇಳಿದಳು, ಯಾರೂ ಕೇಳಿಸಿಕೊಳ್ಳಲಿಲ್ಲ. ಆಗ ಮೊದಲ ಸಲ ಅದು ಕಂಡದ್ದು, ಎಲ್ಲಿಂದ ಬಂತೋ, ಅವಳು ಆ ಮನುಷ್ಯನನ್ನು ಕಂಡವಳೇ ಅಲ್ಲ — ಬಸ್ಸಿನ ಮುಂದಿನ ಬಾಗಿಲು, ಕೊನೆಯ ಮೆಟ್ಟಿಲು, ಸವೆದ ಚಪ್ಪಲಿಯ ಒಂದು ಕಾಲು ಮೆಟ್ಟಿಲು ಬಿಟ್ಟಿದೆ, ರಸ್ತೆಗೆ ಇನ್ನೂ ತಾಗಿಲ್ಲ. ಅಕ್ಕ ಇವಳ ಮಣಿಕಟ್ಟನ್ನು ಹಿಡಿದುಕೊಂಡಿದ್ದಳು, ಬಟ್ಟೆ ಅಳೆಯುವಾಗ ಹಿಡಿಯುವ ಹಾಗೆ, ಬಿಗಿಯಾಗಿ. ಗೋಡೆ ಗಡಿಯಾರ ಹನ್ನೊಂದೂವರೆ. ಸ್ಟಾಪು ಎಷ್ಟು ದೂರ, ಸಿಗ್ನಲ್ ಎಷ್ಟು, ಯಾವುದಾದರೂ ಕಾರು ಅಡ್ಡ ಬಂದಿದ್ದರೆ, ಗಾಬರಿಗೆ ಎದೆ ಒಂದು ಬಡಿತ ತಪ್ಪಿದರೆ, ಕಾಲು ಗಾಳಿಯಲ್ಲಿ, ತಾಗಿಲ್ಲ —

ಇಳಿಸಿದ್ರಂತೆ ಮೇಡಂ. ಲ್ಯಾಬಿನವರ ದನಿ ಹತ್ತಿರ ಬಂದಿತ್ತು. ತಾವೇ ಹ್ಯಾಂಡ್‌ಬ್ರೇಕ್ ಎಳೆದು, ತಾವೇ ನಡ್ಕೊಂಡು ಇಳಿದ್ರಂತೆ. ಕಂಡಕ್ಟರ್ ಆಟೋದಲ್ಲಿ ಕರ್ಕೊಂಡು ಹೋಗ್ತಿದ್ದಾರೆ, ಆಸ್ಪತ್ರೆಗೆ ನಾನು ಹೇಳಿದ್ದೀನಿ. ಇವಳು ಸರಿ ಎಂದಳೋ ಥ್ಯಾಂಕ್ಸ್ ಎಂದಳೋ, ಬಾಯಿ ಏನೋ ಹೇಳಿತು, ಅಕ್ಕ ಎದ್ದು ಹೋಗಿ ನೀರು ತಂದು ಎದುರಿಗಿಟ್ಟಳು, ಅರ್ಧ ತಾನೇ ಕುಡಿದು.

ಒಂದು ಗಂಟೆಯ ಹೊತ್ತಿಗೆ ಮತ್ತೆ ಫೋನ್ ಬಂತು, ಅಂಕಿ ಸುಳ್ಳಾಗಿರಲಿಲ್ಲ, ಮತ್ತೆ ತೆಗೆದ ರಕ್ತದಲ್ಲಿ ಏಳು ಪಾಯಿಂಟ್ ನಾಲ್ಕು, ಕಿಡ್ನಿ ಎಷ್ಟು ದಿನದಿಂದ ಸೋತಿತ್ತೋ ಅವರಿಗೇ ಗೊತ್ತಿರಲಿಲ್ಲ, ಇಸಿಜಿಯಲ್ಲಿ ಎದೆಯ ಗೆರೆ ಆಗಲೇ ಹಿಗ್ಗಲು ಶುರುವಾಗಿತ್ತಂತೆ, ಔಷಧಿ ಕೊಟ್ಟು ಈಗ ಡಯಾಲಿಸಿಸ್ ಯಂತ್ರಕ್ಕೆ ಹಾಕಿದ್ದಾರೆ, ಉಳಿಯುತ್ತಾರೆ, ಸಂಜೆಯ ತನಕ ತಡವಾಗಿದ್ದರೆ ಏನಾಗುತ್ತಿತ್ತೋ ನಾವು ಹೇಳಲಾರೆವು ಎಂದರಂತೆ ಡಾಕ್ಟರು. ನನ್ನ ಹಾಜರಿ ಯಾರು ಹಾಕ್ತಾರೆ ಎಂದು ಡ್ರೈವರ್ ಕೇಳುತ್ತಿದ್ದರಂತೆ, ಬಸ್ಸನ್ನು ನಡುದಾರಿಯಲ್ಲಿ ಬಿಟ್ಟು ಬಂದೆನಲ್ಲ ಎಂದು ಅವರಿಗೆ ಅದೇ ಚಿಂತೆಯಂತೆ. ಉಳಿದ ಹನ್ನೊಂದು ಜನರಿಗೂ ರಿಪೋರ್ಟ್ ಮುಟ್ಟಿತ್ತು. ನೀವು ಫೋನ್ ಮಾಡಿದ್ದು ಒಳ್ಳೇದಾಯ್ತು ಮೇಡಂ ಎಂದರು ಲ್ಯಾಬಿನವರು, ಅವರ ಮನಸ್ಸು ದೊಡ್ಡದು, ಅವಳಿಗೆ ಆ ಮಾತನ್ನು ಇಟ್ಟುಕೊಳ್ಳಲು ಜಾಗ ಸಿಗಲಿಲ್ಲ.

ಈಗ ಉಳಿದದ್ದು ಬರೆಯುವುದು. ಸಾಲುಗಳನ್ನು ಮೊದಲಿದ್ದ ಹಾಗೆ ಮಾಡಿದಳು, ಮೊದಲು ಬರೆ, ಆಮೇಲೆ ಅಳಿಸು, ನಡುವೆ ವರ್ಕರನ್ನು ಬೇಕೆಂದೇ ಕೊಲ್ಲುವ ಒಂದು ಪರೀಕ್ಷೆಯನ್ನೂ ಸೇರಿಸಿದಳು, ಗುರುವಾರವೇ ಬರೆಯಬೇಕಿದ್ದದ್ದು, ಹನ್ನೆರಡು ಸಾಲು, ಅಕ್ಕ ಬಡಿಸಿ ಕರೆಯುವಷ್ಟೂ ಹೊತ್ತು ಹಿಡಿಯದ್ದು. ಕೆಳಗೆ ನಾಲ್ಕು ಸಾವಿರ ಕಡೆಗೂ ಹೋಗುವ ಸೂಚನೆ. ಸಣ್ಣಪುಟ್ಟ ದೋಷಗಳ ನಿವಾರಣೆ, ಎಂದು ಬೆರಳು ಬರೆಯಿತು, ಎಲ್ಲರೂ ಹಾಗೇ ಬರೆಯುತ್ತಾರೆ, ಅದನ್ನು ಅಳಿಸಿದಳು. ಗುರುವಾರದ ಆವೃತ್ತಿ ಹಾಕಿದವರೆಲ್ಲ ಕೂಡಲೇ ತೆಗೆಯಿರಿ, ಸರ್ವರು ಬಿದ್ದರೆ ಕೆಲಸಗಳು ಗುರುತಿಲ್ಲದೆ ಕಳೆದುಹೋಗುತ್ತವೆ, ಕಳೆದದ್ದನ್ನು ಹುಡುಕುವ ದಾರಿ ಕೆಳಗಿದೆ, ಈ ಸಾಧ್ಯತೆ ನನಗೆ ಅವತ್ತೇ ಹೊಳೆದಿತ್ತು, ನಾನು ನೋಡದೆ ದಾಟಿದೆ, ಎರಡು ಸಲ ಆಗುವುದನ್ನು ತಡೆಯಲು ಬೇರೆ ದಾರಿ ಹುಡುಕುತ್ತೇನೆ, ಅಲ್ಲಿಯವರೆಗೆ ಎರಡು ಸಲ ಆಗಲಿ. ಅಕ್ಕ ಹೆಗಲ ಮೇಲಿಂದ ಓದಿದಳು, ಹೊಳೆದಿತ್ತು ಅಂತ ಯಾಕೆ ಬರೀತೀಯ, ಯಾರು ಕೇಳಿದ್ರು ಎಂದಳು. ಯಾರೂ ಕೇಳಿಲ್ಲ ಅಕ್ಕ. ಅಕ್ಕ ಇವಳ ತಲೆಯ ಮೇಲೆ ಒಂದು ಕ್ಷಣ ಕೈಯಿಟ್ಟು ಮುಂದಿನ ಕೋಣೆಗೆ ಹೋದಳು. ಇವಳು ಸೂಚನೆಯನ್ನು ಕಳಿಸಿದಳು. ಮೊದಲ ಉತ್ತರ ಎರಡೆರಡಪ್ಪನದೇ, ಮತ್ತೆ ಶುರುವಾಯಿತೇ ನಿಮ್ಮ ಎರಡೆರಡು, ಎರಡನೆಯದು ಎಲ್ಲಿಯದೋ ಅಪರಿಚಿತ ಹೆಸರು, ನಮ್ಮಲ್ಲೂ ಮೂರು ಹಲ್ಲು ಬಿದ್ದಿವೆ, ಹುಡುಕುತ್ತಿದ್ದೇವೆ, ಮೂರನೆಯದು, ನಾಲ್ಕನೆಯದು, ನಮ್ಮಲ್ಲಿ ಒಂದು, ನಮ್ಮಲ್ಲಿ ಆರು — ಎಲ್ಲರಿಗೂ ಉತ್ತರ ಬರೆಯಬೇಕು, ಮೊದಲು ಮೂರರವರಿಗೆ, ಅಲ್ಲ, ಆರರವರಿಗೆ, ಆ ಆರು ಏನು, ಯಾರು, ಅವರಲ್ಲಿ ಕೇಳದವರು ಎಷ್ಟು ಜನ, ಬರೆ, ಬೆರಳು ಕೀಲಿಗಳ ಮೇಲೆ ಇಳಿಯಲು ಹೋಗಿ ಹಾಗೇ ನಿಂತಿತು, ಡ್ರೈವರ್ ಇಳಿದಿದ್ದಾರೆ, ಆಸ್ಪತ್ರೆಯ ಮಂಚದ ಮೇಲೆ ಮಲಗಿದ್ದಾರೆ, ಹಾಜರಿಯ ಚಿಂತೆ ಮಾಡುತ್ತಿದ್ದಾರೆ, ಗೊತ್ತಿದೆ, ಆದರೂ ಕಣ್ಣೆದುರಿಗೆ ಬಸ್ಸಿನ ಬಾಗಿಲು, ಕೊನೆಯ ಮೆಟ್ಟಿಲು, ಕೆಳಗೆ ಬಿಸಿಲು ಬಿದ್ದ ರಸ್ತೆ, ನಡುವೆ ಒಂದು ಗೇಣು ಗಾಳಿ, ಅದರಲ್ಲಿ ಸವೆದ ಚಪ್ಪಲಿಯ ಒಂದು ಕಾಲು, ಇನ್ನೂ ತಾಗಿಲ್ಲ.