ಅಕ್ಕಿ ಡ್ರಮ್ಮಿನ ಮೇಲಿನ ಸಭೆ

"ಕ್ಯಾಮೆರಾ ಯಾಕೆ ಹಾಕಿದೀಯೇ? ಮುಖ ನೋಡಿ ಎಂತ, ಸಂಬಂಧ ಕೇಳ್ತಾರಾ?" ಎಂದು ಸುಷ್ಮಾ ನಕ್ಕಳು.

ಕುಮುದಾ ನಗಲಿಲ್ಲ. ಅಡುಗೆಮನೆಯ ಅಕ್ಕಿ ಡ್ರಮ್ಮಿನ ಮೇಲೆ, ಉಪ್ಪಿನ ಭರಣಿಗೆ ಫೋನನ್ನು ಒರಗಿಸಿ, ಅದರ ಮುಂದೆ ಸ್ಟೂಲು ಎಳೆದುಕೊಂಡು ಕೂತಿದ್ದಳು. ಆ ಮನೆಯಲ್ಲಿ ಸಿಗ್ನಲ್ ನಿಲ್ಲುತ್ತಿದ್ದುದು ಕಿಟಕಿ ಪಕ್ಕದ ಅದೊಂದು ಜಾಗದಲ್ಲಿ ಮಾತ್ರ. ಮೇಗರವಳ್ಳಿಯಿಂದ ಕಾಡಿನ ಒಳಗಿದ್ದ ಸುಷ್ಮಾಳ ಊರಿನಲ್ಲಿ ಅದೂ ಇರಲಿಲ್ಲ. ಫೋನಿನಲ್ಲಿ ಸಭೆಯಿದ್ದ ದಿನ ಅವಳು ಫೋನು ಹಿಡಿದುಕೊಂಡು ಇಲ್ಲಿಗೇ ಬರುತ್ತಿದ್ದಳು.

ಇಬ್ಬರೂ ಆಶಾ ಕಾರ್ಯಕರ್ತೆಯರು. ಆರೋಗ್ಯ ಇಲಾಖೆಯ ಆನ್‌ಲೈನ್ ಸಭೆಗಳು ಶುರುವಾದ ಮೇಲೆ ಅವನ್ನು ನಿಭಾಯಿಸುವ ಕ್ರಮವೊಂದು ಈ ಕಡೆಯ ಹೆಂಗಸರಲ್ಲಿ ತಾನಾಗಿ ಹುಟ್ಟಿಕೊಂಡಿತ್ತು. ಮೊದಲಿಗೆ ಹೆಸರು ಹೇಳುವುದು, ತಮ್ಮ ಮೈಕು ಮುಚ್ಚುವುದು, ಫೋನನ್ನು ಮಗುಚಿಡುವುದು. ಆಮೇಲೆ ಗಂಜಿ ಬಸಿಯುವುದೋ, ಕೊಟ್ಟಿಗೆಗೆ ಹೋಗುವುದೋ. ಕೊನೆಗೆ ಫೋನೆತ್ತಿ ಥ್ಯಾಂಕ್ಯೂ ಎಂದರೆ ಸರ್ಟಿಫಿಕೇಟು ಬರುತ್ತಿತ್ತು. ಇದು ಮೋಸವೆಂದು ಯಾರಿಗೂ ಅನ್ನಿಸಿರಲಿಲ್ಲ. ಬೆಳಗಿನಿಂದ ಮನೆಮನೆ ಸುತ್ತಿ ಬಂದವಳು ಮತ್ತೆ ಯಾವಾಗ ಒಲೆ ಹಚ್ಚಬೇಕು?

ಹೋದ ತಿಂಗಳು ಕುಮುದಾಳಿಗೆ ಬಂದ ಸರ್ಟಿಫಿಕೇಟಿಗೆ ಅವಳ ಅತ್ತೆ ಹಾಲಮ್ಮ ತೀರ್ಥಹಳ್ಳಿಯಲ್ಲಿ ಕಟ್ಟು ಹಾಕಿಸಿ ತಂದು, ದೇವರ ಪಟದ ಪಕ್ಕ ತೂಗುಹಾಕಿದ್ದಳು. ಓದು ಬಾರದ ಹೆಂಗಸು. ಬಂದವರಿಗೆಲ್ಲ "ನಮ್ ಕುಮುದಂದು. ಡಾಕ್ಟ್ರು ಕೊಟ್ಟಿದ್ದು" ಎಂದು ತೋರಿಸುತ್ತಿದ್ದಳು. ಆ ಹಾಲಮ್ಮ ಈಗ ಮಂಗನ ಕಾಯಿಲೆ ಬಂದು ದೂರದ ಆಸ್ಪತ್ರೆಯಲ್ಲಿ ಮಲಗಿದ್ದಳು. ಮಗ ದುರ್ಗೇಶ ಹೆಂಡತಿ ಕುಮುದಾಳನ್ನು ಮನೆಯಲ್ಲಿ ಬಿಟ್ಟು ತಾಯಿಯ ಹತ್ತಿರವೇ ಇದ್ದ.

ಮನೆ ಹಿಂದಿನ ಕಾಡಂಚಿನಲ್ಲಿ ಮಂಗವೊಂದು ಸತ್ತು ಬಿದ್ದದ್ದನ್ನು ಆರೋಗ್ಯ ಇಲಾಖೆಯ ಮೇಲಿನವರಿಗೆ ತಿಳಿಸಿದವಳು ಕುಮುದಾಳೇ. ಅವರು ಬಂದು, ಅಲ್ಲೇ ಸೌದೆ ಒಟ್ಟಿ ಸುಟ್ಟು ಹೋದರು. ಮಂಗ ಸತ್ತರೆ ಹಾಗೆ ಕಳಿಸುವ ಊರಲ್ಲ ಅದು. ಹಿಂದೆಲ್ಲ ಹೊಸ ಪಂಚೆ ಹೊದೆಸಿ, ಅರಿಶಿನ ಕುಂಕುಮ ಹಚ್ಚಿ, ಡೋಲು ಬಡಿಸಿಕೊಂಡು ಹೋಗಿ ಮಣ್ಣು ಮಾಡುತ್ತಿದ್ದರು. ಮನೆಯ ಹಿರಿಯರಿಗೆ ಮಾಡಿದಂತೆ ಮೂರನೆಯ ದಿನ ಹಾಲು ಬಿಡುತ್ತಿದ್ದರು. ಹಾಲಮ್ಮನಿಗೆ ಮನಸ್ಸು ತಡೆಯಲಿಲ್ಲ.

"ಕಸ ಸುಟ್ಟಂಗೆ ಸುಟ್ ಹೋದ್ರಲ್ಲೆ. ಒಂದ್ ಲೋಟ ಹಾಲಾದ್ರೂ ಬಿಟ್ ಬರ್ತೀನಿ. ಹೋಗ್ಲಾ?" ಎಂದು ಸೊಸೆಯನ್ನು ಕೇಳಿದ್ದಳು.

ಅವತ್ತೂ ಸಭೆಯಿತ್ತು. ಕುಮುದಾ ಕಾಯಿ ತುರಿಯುತ್ತಿದ್ದಳು. "ಸುಟ್ಟಾಯ್ತಲ್ಲ ಅತ್ತೆ, ಇನ್ನೆಂತ ಇರ್ತದೆ ಅಲ್ಲಿ? ಹೋಗ್ಬನ್ನಿ" ಎಂದಿದ್ದಳು. ಡ್ರಮ್ಮಿನ ಮೇಲೆ, ಮಗುಚಿದ ಫೋನಿನೊಳಗೆ, ಯಾರೋ ಮಾತಾಡುತ್ತಲೇ ಇದ್ದರು. ಹಾಲಮ್ಮ ಹಾಲು ಬಿಟ್ಟು, ಬೂದಿಯ ಪಕ್ಕ ಸ್ವಲ್ಪ ಹೊತ್ತು ಕೂತಿದ್ದು, ಬರುವಾಗ ಅಲ್ಲಿನ ಒಣಗಿದೆಲೆಗಳನ್ನೇ ಗುಡಿಸಿ ಕೊಟ್ಟಿಗೆಗೊಂದು ಹೊರೆ ತಂದಳು. ವಾರವಾಗುವುದರೊಳಗೆ ಜ್ವರ ಬಂತು.

ಅವತ್ತಿನಿಂದ ಕುಮುದಾಳ ಹೊಟ್ಟೆಯಲ್ಲಿ ಒಂದು ಪ್ರಶ್ನೆ ಕೂತಿತ್ತು. ಈಗ ಅದನ್ನು ಕೇಳಲೇಬೇಕಿತ್ತು. ಅಂಗಳದಲ್ಲಿ ಮಾವ ಗುತ್ಯಪ್ಪ, ಪಕ್ಕದ ಮನೆಯ ಯೋಗರಾಜ ಮತ್ತು ಇನ್ನಿಬ್ಬರು ಹಾರೆ ಪಿಕಾಸಿ ಒಟ್ಟು ಮಾಡುತ್ತಿದ್ದ ಸದ್ದು ಕೇಳುತ್ತಿತ್ತು. ಸಂಸ್ಕಾರವಿಲ್ಲದೆ ಹೋದ ಮಂಗ ಹಾಲಮ್ಮನ ಮೇಲೆ ಮುನಿದಿದೆ, ಸುಟ್ಟ ಜಾಗದಲ್ಲಿ ಒಂದು ಕಟ್ಟೆ ಕಟ್ಟಿದರೆ ಜ್ವರ ಇಳಿಯುತ್ತದೆ ಎಂದು ಗುತ್ಯಪ್ಪ ಹರಕೆ ಹೊತ್ತಿದ್ದ.

ಫೋನಿನಲ್ಲಿ ಡಾಕ್ಟರ್ ಚೈತನ್ಯಾ ಮಾತು ಮುಗಿಸಿ, ಯಾರಿಗಾದರೂ ಏನಾದರೂ ಕೇಳುವುದಿದೆಯೇ ಎಂದರು. ಕುಮುದಾ ಫೋನಿನ ಕಡೆ ಕೈ ಚಾಚಿದಳು.

"ಸುಮ್ನಿರೇ ಮಾರಾಯ್ತಿ. ನಾವ್ ಕೇಳಿದ್ರೆ ನಮ್ಮನ್ನೇ ತಿರುಗ್ಸಿ ಕೇಳ್ತಾರೆ" ಎಂದು ಸುಷ್ಮಾ ಕೈ ಹಿಡಿದಳು.

ಕುಮುದಾ ಕೈ ಬಿಡಿಸಿಕೊಂಡು ಮೈಕು ತೆರೆದಳು. "ಮೇಡಂ, ಮಂಗನ್ನ ಸುಟ್ಟ ಮೇಲೆ ಆ ಜಾಗಕ್ಕೆ ಹೋಗ್ಬಹುದಾ?"

"ಬೇಡ. ಮಂಗ ಸಾಯ್ತಿದ್ದ ಹಾಗೆ ಅದರ ಮೈಮೇಲಿನ ರಕ್ತ ಹೀರೋ ಉಣುಗುಗಳು ಇಳಿದು ಸುತ್ತಲಿನ ಒಣಗಿದೆಲೆಗಳಲ್ಲಿ ಸೇರ್ಕೊಳ್ತವೆ. ಹೆಣ ಸುಟ್ಟರೂ ಅವು ಅಲ್ಲೇ ಇರ್ತವೆ, ಕಚ್ಚಿದ್ರೆ ಕಾಯಿಲೆ ಬರ್ತದೆ. ಯಾರನ್ನೂ ಬಿಡಬೇಡಿ." ಡಾಕ್ಟರೇ ತಿರುಗಿ ಕೇಳಿದರು, "ಹೋದ ತಿಂಗಳ ಸಭೆಯಲ್ಲಿ ಇದನ್ನೇ ಬಿಡಿಸಿ ಬಿಡಿಸಿ ಹೇಳಿದ್ನಲ್ಲಮ್ಮ. ನೀವು ಇರ್ಲಿಲ್ವಾ?"

"ಇದ್ದೆ ಮೇಡಂ."

ಕುಮುದಾ ಎದ್ದಳು. ಹಿಂದೆಯೇ ಬಂದ ಸುಷ್ಮಾ ಬಾಗಿಲಲ್ಲಿ ಅವಳ ಸೆರಗೆಳೆದು, "ಹೊಸ ರೂಲು ಬಂದದೆ ಅನ್ನು. ಅಷ್ಟೇ ಅನ್ನು" ಎಂದು ಪಿಸುಗುಟ್ಟಿದಳು.

ಅಂಗಳದಲ್ಲಿ ಗುತ್ಯಪ್ಪ ಹಾಲಿನ ಚೊಂಬು ಹಿಡಿದು ಹೊರಟು ನಿಂತಿದ್ದ.

"ಹೋಗ್ಬೇಡಿ ಮಾವ. ಯಾರೂ ಹೋಗ್ಬೇಡಿ."

"ಓಹೋ, ಡಾಕ್ಟ್ರಮ್ಮನ ಆರ್ಡರ್ ಆಯ್ತಾ?" ಎಂದ ಯೋಗರಾಜ. "ಪಾಪದ ಪ್ರಾಣೀನ ಸುಡ್ಸಿದ್ದು ಸಾಲ್ಲಿಲ್ವಾ? ನಿಮ್ ರೂಲು ದೇವ್ರಿಗೂ ಉಂಟಾ?"

ಗುತ್ಯಪ್ಪ ಮೆಲ್ಲಗೆ, "ನಿನ್ ಅತ್ತೆ ನಿನ್ನ ಕೇಳೇ ಹೋಗಿದ್ದಲ್ದಾ? ಹೋಗ್ಬನ್ನಿ ಅಂದ್ಯಂತೆ. ಅವಳೇ ಹೇಳಿದ್ಲು. ಈಗ ನಮಗ್ಯಾಕೆ ಬೇಡ ಅಂತೀಯ?" ಎಂದ.

ಕುಮುದಾ ಒಮ್ಮೆ ಸುಷ್ಮಾಳ ಕಡೆ ನೋಡಿದಳು. ಆಮೇಲೆ ಮಾವನ ಕೈಯಲ್ಲಿದ್ದ ಚೊಂಬನ್ನು ನೋಡುತ್ತ ಹೇಳಿದಳು. "ನಾ ಹೇಳಿದ್ದು ತಪ್ಪು. ಅಲ್ಲಿ ಉಣುಗು ಇರ್ತದೆ, ಹೋಗ್ಬಾರ್ದು ಅಂತ ಹೋದ ತಿಂಗಳೇ ಹೇಳಿದ್ರಂತೆ. ಫೋನು ಡ್ರಮ್ಮಿನ ಮೇಲಿತ್ತು. ನಾ ಕೇಳ್ಲಿಲ್ಲ. ಅತ್ತೆಗೆ ಕಾಯಿಲೆ ಹತ್ತಿದ್ದು ಅಲ್ಲೇ ಮಾವ."

ಗುತ್ಯಪ್ಪ ತೆರೆದ ಬಾಗಿಲಿನೊಳಗೆ, ದೇವರ ಪಟದ ಪಕ್ಕದ ಸರ್ಟಿಫಿಕೇಟಿನ ಕಡೆ ನೋಡಿದ.

"ಆ ಕಟ್ಟು ಹಾಕ್ಸಿದ್ದು?"

"ಅವತ್ತಿನ ಸಭೇದೇ ಮಾವ."

ಅವನು ಚೊಂಬನ್ನು ಜಗಲಿಯ ಮೇಲಿಟ್ಟು ಅದರ ಪಕ್ಕ ಕೂತ. ಉಳಿದಿಬ್ಬರು ಹಾರೆ ಹೆಗಲಿಗಿಟ್ಟುಕೊಂಡು ತಮ್ಮ ಮನೆಯ ಕಡೆ ತಿರುಗಿದರು. ಯೋಗರಾಜ ಪಿಕಾಸಿಯನ್ನು ಅಲ್ಲೇ ಬಿಟ್ಟು, ಚಪ್ಪಲಿ ಹುಡುಕಿ ಮೆಟ್ಟಿಕೊಂಡು ಹೋದ. ಒಳಗೆ ಸುಷ್ಮಾ ಎರಡು ಫೋನಿಗೂ "ಥ್ಯಾಂಕ್ಯೂ ಮೇಡಂ" ಎನ್ನುವುದು ಕೇಳಿಸಿತು. ಆಮೇಲೆ ಅವಳು ತಲೆ ತಗ್ಗಿಸಿಕೊಂಡು ಹಿತ್ತಲ ದಾರಿಯಿಂದ ಹೊರಟುಹೋದಳು.

ಬಿಸಿಲು ಅಂಗಳ ದಾಟುವ ಹೊತ್ತಿಗೆ ಕುಮುದಾಳ ಫೋನು ಬಡಿದುಕೊಂಡಿತು. ಕುಮುದಾ ಅಲುಗಲಿಲ್ಲ. ಗುತ್ಯಪ್ಪನೇ ಎದ್ದು ಒಳಗೆ ಹೋಗಿ ಎತ್ತಿದ. ದುರ್ಗೇಶನ ದನಿ ಅಂಗಳದವರೆಗೂ ಕೇಳಿಸಿತು.

"ಕುಮುದಾ, ಅಮ್ಮ ಹೋದ್ಲು ಕಣೇ. ಅಪ್ಪಂಗೆ ನೀನೇ ಹೇಳು. ನಂಗಾಗಲ್ಲ."

ಗುತ್ಯಪ್ಪ ಅಕ್ಕಿ ಡ್ರಮ್ಮಿನ ಮುಚ್ಚಳವನ್ನು ಅಂಗೈಯಿಂದ ಒಮ್ಮೆ ಒರೆಸಿದ. ಸೊಸೆ ಇಡುತ್ತಿದ್ದುದನ್ನು ನೋಡಿ ಗೊತ್ತಿದ್ದ ಹಾಗೆಯೇ, ಫೋನನ್ನು ಅದರ ಮೇಲೆ ಮಗುಚಿಟ್ಟ. ಆಮೇಲೆ ಹೊರಗೆ ಬಂದು ಚೊಂಬಿನ ಪಕ್ಕ ಕೂತ. ಹಾಲಿನ ಮೇಲೆ ಕೆನೆ ಕಟ್ಟುತ್ತಿತ್ತು. ಒಳಗೆ, ಮಗುಚಿದ ಫೋನಿನೊಳಗೆ, ದುರ್ಗೇಶ ಮಾತಾಡುತ್ತಲೇ ಇದ್ದ.