ಹದಿನೈದನೆಯ ಕೋಲು

ಕೊನೆಯ ದಿನದ ಆಟಕ್ಕೆ ಇಳಿದಾಗ ಒಲಾಯಾ ಎಲ್ಲರಿಗಿಂತ ಒಂದು ಹೊಡೆತ ಮುಂದಿದ್ದಳು. ಗಾಲ್ಫನ್ನೇ ಹೊಟ್ಟೆಪಾಡು ಮಾಡಿಕೊಂಡು ವರ್ಷಗಳೇ ಕಳೆದಿದ್ದರೂ ಹೇಳಿಕೊಳ್ಳುವಂಥ ಪಂದ್ಯ ಒಂದನ್ನೂ ಗೆದ್ದಿರಲಿಲ್ಲ. ಈ ಸಲ ಮಾತ್ರ ಮ್ಯಾಡ್ರಿಡ್‌ನ ಪತ್ರಿಕೆಗಳಲ್ಲೂ ಅವಳ ಫೋಟೋ ಬಂದಿತ್ತು. ಗುಡ್ಡಗಳಾಚೆ ಉತ್ತರದ ಅಸ್ತೂರಿಯಸ್ ಪ್ರಾಂತದ ಕಡಲಂಚಿನ ಅವಳ ಊರಿನಲ್ಲಿ, ಅಮಾಲಿಯಾಳ ಸೇಬಿನ ಹೆಂಡದ ಅಂಗಡಿಯ ಟೀವಿ ಮುಂದೆ ಬೆಳಗಿನಿಂದಲೇ ಜನ ಸೇರಿದ್ದರು.

ಕೋಲುಗಳ ಚೀಲ ಹೊರುವ ಅವಳ ಕ್ಯಾಡಿ ಅಪ್ಪ ಎವಾರಿಸ್ತೋ. ಹರೆಯದಿಂದ ಮುಪ್ಪಿನವರೆಗೂ ಮೀನುದೋಣಿಯ ಯಜಮಾನನಾಗಿದ್ದವನು, ಮೊಣಕಾಲು ಸೋತ ಮೇಲೆ ದೋಣಿ ಮಾರಿ ಮಗಳ ಹಿಂದೆ ಹೊರಟಿದ್ದ. ಗಾಳಿಯ ದಿಕ್ಕು ಹೇಳುವುದರಲ್ಲಿ ಅವನ ಮಾತು ತಪ್ಪಿದ್ದು ಅಪರೂಪ.

ಮೂರನೆಯ ಕುಳಿಯ ಹತ್ತಿರ ಬಂದು ಚೆಂಡನ್ನು ಒಳಗೆ ತಳ್ಳಲು ಒಲಾಯಾ ಚೀಲಕ್ಕೆ ಕೈ ಹಾಕಿದಳು. ಕೈಗೆ ಸಿಕ್ಕಿದ್ದು ಅವಳು ಈಗ ಬಳಸುವ ಪಟರ್ ಕೋಲಲ್ಲ, ಹಳೆಯದು, ಎಂದೋ ಬಿಟ್ಟಿದ್ದು. ಅದರ ಪಕ್ಕದಲ್ಲೇ ಹೊಸದೂ ಇತ್ತು. ಒಂದೊಂದಾಗಿ ಎಣಿಸಿದಳು. ಹದಿನೈದು. ಹದಿನಾಲ್ಕಕ್ಕಿಂತ ಹೆಚ್ಚು ಕೋಲು ಚೀಲದಲ್ಲಿದ್ದರೆ ದಂಡ. ರೆಫರಿ ಬಂದು ನೋಡಿ, ತಲೆಯಾಡಿಸಿ, ಕಡಿಮೆ ಹೊಡೆತದವರೇ ಗೆಲ್ಲುವ ಆಟದಲ್ಲಿ ಅವಳ ಲೆಕ್ಕಕ್ಕೆ ನಾಲ್ಕು ಹೊಡೆತ ಸೇರಿಸಿದ.

"ಎಣಿಸೋಕೂ ಬರಲ್ವಾ ನಿಂಗೆ?" ಒಲಾಯಾ ಅಪ್ಪನ ಮೇಲೆ ಕಿರುಚಿದಳು. "ಹದಿನಾಲ್ಕು ಅಪ್ಪಾ, ಹದಿನಾಲ್ಕು! ಚಿಕ್ಕ ಮಕ್ಕಳೂ ಎಣಿಸ್ತಾರೆ!"

ಟೀವಿಯವರ ಮೈಕು ಪಕ್ಕದಲ್ಲೇ ಇತ್ತು. ಎವಾರಿಸ್ತೋ ಟೋಪಿ ತೆಗೆದು ಮತ್ತೆ ಹಾಕಿಕೊಂಡ. "ಆಯ್ತು ಮಗಳೇ, ಆಡು. ಇನ್ನೂ ಬೇಕಾದಷ್ಟು ಆಟ ಇದೆ" ಅಂದ.

ಏಳನೆಯ ಕುಳಿಯ ಹತ್ತಿರ, ಜೊತೆಯ ಆಟಗಾರ್ತಿ ಹೊಡೆಯುವುದನ್ನು ಕಾಯುತ್ತಾ ನಿಂತಿದ್ದಾಗ, ಒಲಾಯಾಗೆ ನೆನಪಾಯಿತು. ಬೆಳಿಗ್ಗೆ ಅಪ್ಪ ಕಾಫಿ ತರಲು ಹೋಗಿದ್ದ. ಹೊಸ ಪಟರ್ ಯಾಕೋ ಅವಳ ಕೈಗೆ ಕೂರುತ್ತಿರಲಿಲ್ಲ. ಕಾರಿನ ಡಿಕ್ಕಿಯಲ್ಲಿ ಕಂಬಳಿಯೊಳಗೆ ಸುತ್ತಿಟ್ಟಿದ್ದ ಹಳೆಯ ಪಟರ್ ಬಿಚ್ಚಿ ತಂದು, ಅಭ್ಯಾಸದ ಹುಲ್ಲಿನ ಮೇಲೆ ಚೆಂಡು ತಳ್ಳಿ ನೋಡಿ, ಯಾರೋ ಹೆಸರು ಹಿಡಿದು ಕರೆದರೆಂದು ಅದನ್ನು ಚೀಲಕ್ಕೆ ತುರುಕಿ ಹೋಗಿದ್ದಳು. ತುರುಕಿದ್ದು ಅವಳೇ.

ಅವಳಿಗೆ ಮೈಯೆಲ್ಲ ಬಿಸಿಯಾಯಿತು. ಅಪ್ಪ ಎರಡು ಹೆಜ್ಜೆ ಆಚೆ ಚೀಲ ಹಿಡಿದು ನಿಂತಿದ್ದ. ಅಲ್ಲೇ ಹೇಳಬಹುದಿತ್ತು. ಆಟ ಮುಗಿದ ಮೇಲೆ ಹೇಳಿದರಾಯಿತು ಅಂದುಕೊಂಡಳು.

ಆಟ ಮುಗಿದಾಗ ಎರಡು ಹೊಡೆತದಿಂದ ಪಂದ್ಯ ಕೈತಪ್ಪಿತ್ತು. ಪತ್ರಕರ್ತರು ಮುತ್ತಿಕೊಂಡರು. ಆ ಕೋಲು ಹೇಗೆ ಬಂತು ಎಂದು ಒಬ್ಬ ಕೇಳಿಯೇ ಬಿಟ್ಟ. ಒಲಾಯಾ ಮೈಕಿನ ಕಡೆ ನೋಡಿದಳು. "ಕೋಲು ಎಣಿಸೋದು ಕ್ಯಾಡಿಯ ಕೆಲಸ" ಅಂದಳು. "ಅಪ್ಪನಿಗೂ ವಯಸ್ಸಾಯ್ತು."

ಹಿಂದೆ ನಿಂತಿದ್ದ ಎವಾರಿಸ್ತೋ ಹೌದೆಂಬಂತೆ ತಲೆಯಾಡಿಸಿದ. ಅದೂ ಟೀವಿಯಲ್ಲಿ ಬಂತು.

ಊರಿನವರೆಗೂ ಕಾರಿನಲ್ಲಿ ಅವಳು ಕೋಲಿನ ಮಾತೆತ್ತಲಿಲ್ಲ. ದಾರಿಯಲ್ಲಿ ಪೆಟ್ರೋಲ್ ಹಾಕಿಸುವಾಗ ಅಪ್ಪ ಅವಳಿಗೆಂದು ಹ್ಯಾಮ್ ತುಂಬಿದ ಬ್ರೆಡ್ಡು ತಂದ. ತನಗೆ ಹಸಿವಿಲ್ಲ ಅಂದ. ಅವಳು ಅದನ್ನು ಪೂರ್ತಿ ತಿಂದಳು. ತಿಂದದ್ದಕ್ಕೂ ನಾಚಿಕೆಯಾಯಿತು.

ಮರುದಿನ ಮೀನು ಹರಾಜಿನಿಂದ ಬಂದ ಅಮ್ಮ ಹೆನೆರೋಸಾ ಬುಟ್ಟಿಯನ್ನು ಮೇಜಿನ ಮೇಲೆ ಕುಕ್ಕಿದಳು. "ಇನ್ನು ಎರಡು ದಿನ ನಾನು ಆ ಕಡೆ ಕಾಲಿಡಲ್ಲ. ನಾಲ್ಕು ಮೀನು ಕೊಡು ಅಂದ್ರೆ, ಎಣಿಸೋಕೆ ಗಂಡನ್ನ ಕಳಿಸು ಅಂತಾರೆ, ಹಲ್ಲು ಕಿಸೀತಾರೆ."

ಎವಾರಿಸ್ತೋ ನಕ್ಕ. "ನಗಲಿ ಬಿಡೇ. ಎಷ್ಟು ದಿನ ನಗ್ತಾರೆ?"

ಒಲಾಯಾ ತಟ್ಟೆಯಿಂದ ಕಣ್ಣೆತ್ತಲಿಲ್ಲ.

ಸಂಜೆ ಅಪ್ಪ ಅವಳನ್ನು ಬಲವಂತವಾಗಿ ಅಮಾಲಿಯಾಳ ಅಂಗಡಿಗೆ ಕರೆದುಕೊಂಡು ಹೋದ. ಒಳಗೆ ಕಾಲಿಡುತ್ತಿದ್ದಂತೆ ಸೆಲ್ಸೋ ಎದ್ದು ನಿಂತ. ಹಿಂದೆ ಎವಾರಿಸ್ತೋನ ದೋಣಿಯಲ್ಲೇ ದುಡಿದವನು ಅವನು.

"ಬನ್ನಿ ಯಜಮಾನ್ರೇ! ಅಮಾಲಿಯಾ, ಗ್ಲಾಸು ನೀನೇ ಎಣಿಸಿಕೋ ಕಣಮ್ಮ, ಇವರ ಕೈಗೆ ಕೊಡಬೇಡ!"

ಅಂಗಡಿ ಗೊಳ್ಳೆಂದಿತು. ಎವಾರಿಸ್ತೋನೂ ನಕ್ಕ. ಅಮಾಲಿಯಾ ಅಲ್ಲಿನ ರೂಢಿಯಂತೆ ತಲೆಯ ಮೇಲೆ ಬಾಟಲಿ ಎತ್ತಿ, ಕೆಳಗೆ ಹಿಡಿದ ಗ್ಲಾಸಿಗೆ ಹೆಂಡ ಸುರಿದು ಅವನಿಗೆ ಕೊಟ್ಟಳು. ಅವನು ಒಂದೇ ಗುಟುಕಿಗೆ ಕುಡಿದ. ಸೆಲ್ಸೋಗೆ ಅಷ್ಟಕ್ಕೆ ತೃಪ್ತಿಯಾಗಲಿಲ್ಲ.

"ಅಲ್ಲ ಯಜಮಾನ್ರೇ, ಒಂದು ಮಾತು ಕೇಳ್ತೀನಿ. ಆವತ್ತು ಬಿರುಗಾಳಿ ಹೊಡೆದಾಗ ಕತ್ತಲಲ್ಲಿ ನಮ್ಮನ್ನೆಲ್ಲ ಎಣಿಸಿ, ಒಬ್ಬ ಕಮ್ಮಿ ಅಂತ ದೋಣಿ ತಿರುಗಿಸಿ ನನ್ನ ನೀರಿಂದ ಎತ್ತಿದ್ರಲ್ಲ, ಅದೂ ಲೆಕ್ಕ ತಪ್ಪಿ ತಿರುಗಿಸಿದ್ದಾ?"

ಮತ್ತೆ ನಗು. ಈ ಸಲ ಎವಾರಿಸ್ತೋ ನಗಲಿಲ್ಲ. ಖಾಲಿ ಗ್ಲಾಸನ್ನು ಮೇಜಿನ ಮೇಲಿಟ್ಟು ಅದನ್ನೇ ನೋಡುತ್ತಾ ನಿಂತ. ಅವನ ಕಿವಿಗಳು ಕೆಂಪಾಗಿದ್ದವು.

"ಕೋಲು ಹಾಕಿದ್ದು ನಾನು" ಅಂದಳು ಒಲಾಯಾ.

ಯಾರಿಗೂ ಸರಿಯಾಗಿ ಕೇಳಿಸಲಿಲ್ಲ. ಅವಳು ಇನ್ನೊಮ್ಮೆ ಹೇಳಿದಳು. "ಅಪ್ಪ ಕಾಫಿಗೆ ಹೋಗಿದ್ದಾಗ ನಾನೇ ಚೀಲಕ್ಕೆ ಹಾಕಿದೆ. ನಂದೇ ತಪ್ಪು."

"ಅಯ್ಯೋ ಹುಡುಗಿ" ಅಂದಳು ಅಮಾಲಿಯಾ. "ಆಮೇಲೆ ನೆನಪಾಯ್ತಾ?"

ಹೌದು ಅಂದುಬಿಟ್ಟರೆ ಮುಗಿಯುತ್ತಿತ್ತು. ತಪ್ಪಿಸಿಕೊಳ್ಳಲು ಅಮಾಲಿಯಾ ದಾರಿ ಬಿಟ್ಟುಕೊಟ್ಟಿದ್ದಳು.

"ಇಲ್ಲ. ಆಟದ ಮಧ್ಯದಲ್ಲೇ ನೆನಪಾಯ್ತು. ಮೈಕ್ ಮುಂದೆ ಆ ಮಾತು ಆಡೋವಾಗ ಗೊತ್ತಿತ್ತು."

ಸೆಲ್ಸೋ ಕುಳಿತುಬಿಟ್ಟ. ಯಾರೋ ಕೆಮ್ಮಿದರು. ಯಾರೂ ಅವಳನ್ನು ಬೈಯಲಿಲ್ಲ. ಆದರೆ ಚಿಕ್ಕಂದಿನಿಂದ ಅವಳ ಕೆನ್ನೆ ಹಿಂಡಿದ್ದ ಜನ ಒಬ್ಬೊಬ್ಬರಾಗಿ ಮುಖ ಬೇರೆ ಕಡೆ ತಿರುಗಿಸಿದರು. ಎವಾರಿಸ್ತೋ ಟೋಪಿ ಹಾಕಿಕೊಂಡು ಹೊರಟುಹೋದ.

ಅವಳು ಓಡಿಹೋಗಿ ಬಂದರಿನ ಗೋಡೆಯ ಬಳಿ ಅವನನ್ನು ಹಿಡಿದಳು.

"ಯಾರು ಕೇಳಿದ್ರು ನಿನ್ನ?" ಅವನು ತಿರುಗಿಯೂ ನೋಡದೆ ಗದರಿದ. "ನನ್ನ ನೋಡಿ ನಗ್ತಿದ್ರು. ನಕ್ಕು ಮರೀತಿದ್ರು. ಈಗ ನೀನು ಹೇಳಿದ್ದನ್ನ ಮರೀತಾರಾ?"

"ನಿಂಗೆ ಗೊತ್ತಿತ್ತಾ ಅಪ್ಪಾ?"

"ಕಾಫಿ ಹಿಡ್ಕೊಂಡು ಬರೋವಾಗ ನೀನು ಡಿಕ್ಕಿ ಮುಚ್ತಾ ಇದ್ದೆ. ಕೈಯಲ್ಲಿ ಹಳೇ ಪಟರ್ ಇತ್ತು. ಆಮೇಲೆ ಮತ್ತೊಂದ್ಸಲ ಎಣಿಸ್ಬೇಕಿತ್ತು, ಎಣಿಸ್ಲಿಲ್ಲ. ಅದು ನನ್ನ ಕೆಲಸ. ಅದಕ್ಕೆ ನೀನು ಬೈದೆ, ಸರಿ." ಅವನು ಟೋಪಿ ಸರಿಮಾಡಿಕೊಂಡ. "ವಯಸ್ಸಾಯ್ತು ಅಂದ್ಯಲ್ಲ, ಅದು ಬೇಡವಾಗಿತ್ತು ಕಣೇ."

ಒಲಾಯಾ ಅವನ ತೋಳು ಹಿಡಿಯಲು ಹೋದಳು. ಕೈ ಅರ್ಧಕ್ಕೇ ನಿಂತಿತು. "ಮುಂದಿನ ವಾರ ಪೋರ್ಚುಗಲ್ಲಿಗೆ ಬರ್ತೀಯಾ?" ಅಂತ ಮಾತ್ರ ಕೇಳಿದಳು.

"ಇಲ್ಲ. ಬೇರೆ ಯಾರನ್ನಾದ್ರೂ ನೋಡ್ಕೋ."

ಪೋರ್ಚುಗಲ್‌ನಲ್ಲಿ ಅವಳು ಪತ್ರಕರ್ತರನ್ನು ತಾನೇ ಕರೆದು ನಡೆದದ್ದನ್ನು ಹೇಳಿದಳು. ಒಂದು ಪತ್ರಿಕೆ ಒಳಪುಟದಲ್ಲಿ ನಾಲ್ಕು ಸಾಲು ಹಾಕಿತು, ಉಳಿದವರು ಅದನ್ನೂ ಮಾಡಲಿಲ್ಲ. ಕಿರುಚಿದ್ದ ಆ ದೃಶ್ಯ ಮಾತ್ರ ಜನರ ಫೋನುಗಳಲ್ಲಿ ಓಡಾಡುತ್ತಲೇ ಇತ್ತು. ಮುಂದೆ ಅವಳು ಎರಡು ಪಂದ್ಯ ಗೆದ್ದಳು. ಗೆದ್ದ ದಿನವೂ ಮೈಕು ಮುಂದೆ ಬಂದರೆ ಅವಳ ಮುಖ ಕೆಂಪೇರುತ್ತಿತ್ತು. ಕ್ಯಾಡಿಯನ್ನು ಹೊಗಳಿ ಬೇಗ ಬೇಗ ಮುಗಿಸಿ ಹೋಗುತ್ತಿದ್ದಳು.

ಎವಾರಿಸ್ತೋ ಮತ್ತೆಂದೂ ಚೀಲ ಹೊರಲಿಲ್ಲ. ಮಗಳ ಜೊತೆ ಮಾತು ಬಿಡಲೂ ಇಲ್ಲ. ಅವಳು ಊರಿಗೆ ಬಂದಾಗ ಕಡಲ ದಿಬ್ಬದ ಮೇಲಿನ ಸಣ್ಣ ಮೈದಾನಕ್ಕೆ ಇಬ್ಬರೂ ಹೋಗುತ್ತಿದ್ದರು. ಅವಳೇ ಚೀಲ ಹೊತ್ತು ಆಡುವಳು, ಅವನು ಬೆನ್ನ ಹಿಂದೆ ಕೈ ಕಟ್ಟಿ ಪಕ್ಕದಲ್ಲಿ ನಡೆಯುವನು. ಗಾಳಿ ಜೋರಾಗಿದ್ದಾಗ, ಹೊಡೆಯುವ ಮುಂಚೆ, ಅವಳು ಹಳೆಯ ಅಭ್ಯಾಸದಂತೆ ಗಾಳಿಯ ದಿಕ್ಕಿಗಾಗಿ ಅವನ ಮುಖ ನೋಡುವಳು. ಅವನು ಕಡಲಿನ ಕಡೆ ನೋಡುತ್ತಾ ನಿಂತಿರುತ್ತಿದ್ದ.